ಮಹಡಿಯ ಮರದ ನೆಲದ ಮೇಲೆ ಎರಕದ ಕಬ್ಬಿಣದ ಬಾತ್‌ಟಬ್: ಜಂತೆಗೆ ಬಲ ಕೊಡುವುದು ಹೇಗೆ?

ಪ್ರಶ್ನೆ: ಬಸವನಗುಡಿಯಲ್ಲಿ ನಮ್ಮದು ತಾತನ ಕಾಲದ ಮನೆ. ಮಹಡಿಯ ಒಂದು ಕೋಣೆಗೆ ಮರದ ಹಲಗೆಯ ನೆಲ, ಅದರ ಕೆಳಗೆ ತೇಗದ ಜಂತೆಗಳು. ಒಂದೊಂದು ಜಂತೆ 3 ಇಂಚು ಅಗಲ, 6 ಇಂಚು ಎತ್ತರ. ಒಂದೂವರೆ ಅಡಿಗೊಂದು ಇದೆ. ಗೋಡೆಯಿಂದ ಗೋಡೆಗೆ 12 ಅಡಿ. ಕೋಣೆಯ ಒಂದು ಪಕ್ಕವನ್ನು 6 ಅಡಿಗೆ 8 ಅಡಿ ಸ್ನಾನದ ಮನೆ ಮಾಡಿ, ಕಾಲುಗಳಿರುವ ಐದೂವರೆ ಅಡಿಯ ಹಳೆಯ ಎರಕದ ಕಬ್ಬಿಣದ ಟಬ್ ಇಡಬೇಕೆಂದಿದ್ದೇವೆ. ಖಾಲಿ ಟಬ್ಬೇ 150 ಕೆ.ಜಿ. ಇದೆ. ಹಲಗೆ ಮೇಲೆ ಎರಡು ಪದರ ಪ್ಲೈವುಡ್ ಹೊಡೆದುಬಿಟ್ಟರೆ ಸಾಕು ಎನ್ನುತ್ತಾರೆ ನಮ್ಮ ಬಡಗಿ. ಸಾಕೇ? ಇರುವ 25 ಲೀಟರ್ ಗೀಸರ್ ಸಾಲುತ್ತದೆಯೇ?

ಉತ್ತರ: ಪ್ಲೈವುಡ್ ಸಾಲದು. ಹಲಗೆಯ ಕೆಲಸ ಒಂದು ಜಂತೆಯಿಂದ ಪಕ್ಕದ ಜಂತೆಗೆ ಭಾರ ದಾಟಿಸುವುದು, ಅಷ್ಟೇ. ಅಲ್ಲಿಂದ ಗೋಡೆಯವರೆಗೆ ಭಾರ ಹೊರುವುದು ಜಂತೆ. ಮೇಲೆ ಎಷ್ಟು ಪದರ ಹೊಡೆದರೂ ಜಂತೆಯ ಬಲ ಹೆಚ್ಚುವುದಿಲ್ಲ, ಪ್ಲೈವುಡ್ಡಿನ ತೂಕವನ್ನೂ ಅದೇ ಹೊರಬೇಕಾಗುತ್ತದೆ. ಆದರೆ ನಿಮ್ಮ ಅಳತೆಗಳನ್ನು ನೋಡಿದರೆ ಈ ಕೆಲಸ ಆಗದ್ದೇನಲ್ಲ. ಜಂತೆಗಳ ಪಕ್ಕಕ್ಕೆ ಕಬ್ಬಿಣದ ಚಾನೆಲ್ (ಸಿ ಆಕಾರದ ಉದ್ದನೆಯ ತೊಲೆ) ಜೋಡಿಸಿ, ಟಬ್ ಇಡುವ ಜಾಗ ಸರಿಯಾಗಿ ಆರಿಸಿದರೆ ನೆಲ ನಿರಾಳವಾಗಿ ಹೊರುತ್ತದೆ.

ಮೊದಲು ಒಂದು ವಿಷಯ ಖಾತ್ರಿ ಮಾಡಿಕೊಳ್ಳಿ. ಕೆಳಗಿನಿಂದ ಮರದ ಜಂತೆ ಕಂಡಮಾತ್ರಕ್ಕೆ ಅದು ಹಲಗೆಯ ನೆಲ ಎಂದಾಗುವುದಿಲ್ಲ. ಬೆಂಗಳೂರಿನ ಹಳೆ ಮನೆಗಳಲ್ಲಿ ಮದ್ರಾಸ್ ಟೆರೇಸ್ ಹೆಚ್ಚು: ಜಂತೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಓರೆಯಾಗಿ ಕಟ್ಟಿ, ಅದರ ಮೇಲೆ ಇಟ್ಟಿಗೆ ಚೂರಿನ ಸುಣ್ಣದ ಕಾಂಕ್ರೀಟ್ ಬಡಿದಿರುತ್ತಾರೆ. ಕೆಲವು ಮನೆಗಳಲ್ಲಿ ಆಮೇಲೆ ಅದರ ಮೇಲೆ ಹಲಗೆ ಹಾಸಿದ್ದೂ ಉಂಟು. ಒಂದು ಹಲಗೆ ಎಬ್ಬಿಸಿ ನೋಡಿ. ಅಡಿಯಲ್ಲಿ ಖಾಲಿ ಜಾಗ ಮತ್ತು ಜಂತೆಯ ಮೈ ಕಂಡರೆ ಮುಂದೆ ಹೇಳಿರುವುದೆಲ್ಲ ನಿಮಗೆ ಅನ್ವಯಿಸುತ್ತದೆ. ಗಾರೆ ಕಂಡರೆ ಜಂತೆಗಳು ಈಗಾಗಲೇ ಚದರ ಮೀಟರಿಗೆ ನೂರಾರು ಕೆ.ಜಿ. ಹೊತ್ತಿವೆ ಎಂದರ್ಥ. ಅದನ್ನು ಕೆದಕಬೇಡಿ, ಗೋಡೆಯಿಂದ ಗೋಡೆಗೆ ಬೇರೆಯೇ ಎರಡು 150 ಮಿ.ಮೀ. ಐ-ಬೀಮ್ ಹಾಕಿ ಟಬ್ಬನ್ನು ನೇರವಾಗಿ ಅವುಗಳ ಮೇಲೆ ಕೂರಿಸುವ ದಾರಿ ಹಿಡಿಯಬೇಕು.

ಈಗ ಭಾರದ ಲೆಕ್ಕ. ನಿಮ್ಮ ಅಳತೆಯ ಟಬ್ಬಿಗೆ ಓವರ್‌ಫ್ಲೋ ತೂತಿನವರೆಗೆ ಸುಮಾರು 220 ಲೀಟರ್ ನೀರು ಹಿಡಿಯುತ್ತದೆ ಎಂದಿಟ್ಟುಕೊಳ್ಳೋಣ, ಅಂದರೆ 220 ಕೆ.ಜಿ. ಇದಕ್ಕೆ ಸ್ನಾನ ಮಾಡುವವರ ತೂಕವನ್ನು ಪೂರ್ತಿ ಕೂಡಿಸುವ ತಪ್ಪನ್ನು ಬಹಳ ಮಂದಿ ಮಾಡುತ್ತಾರೆ. ಮುಳುಗಿದ ಮೈ ತನ್ನ ಗಾತ್ರದಷ್ಟು ನೀರನ್ನು ಓವರ್‌ಫ್ಲೋ ಮೂಲಕ ಹೊರಗೆ ತಳ್ಳುತ್ತದೆ. ಕೂಡಿಸಬೇಕಾದ್ದು ನೀರಿನ ಮೇಲಿರುವ ತಲೆ, ಹೆಗಲು, ತೋಳುಗಳ ಭಾರ ಮಾತ್ರ, ಸುಮಾರು 20 ಕೆ.ಜಿ. ಒಟ್ಟು 150 + 220 + 20, ಅಂದರೆ 390 ಕೆ.ಜಿ. ಟಬ್ಬಿನ ಜಾಗ ಒಂದೂಕಾಲು ಚದರ ಮೀಟರ್. ಚದರ ಮೀಟರಿಗೆ 310 ಕೆ.ಜಿ. ಬಿತ್ತು. ವಾಸದ ಮನೆಯ ಕೋಣೆ, ಬಚ್ಚಲುಗಳಿಗೆ ಕಟ್ಟಡದ ಭಾರಗಳ ಭಾರತೀಯ ಕೋಡ್ ಐಎಸ್ 875 ಹೇಳುವ ಬಳಕೆಯ ಭಾರ ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕೆ.ಜಿ. ಟಬ್ಬಿನ ಅಡಿಯಲ್ಲಿ ಅದರ ಒಂದೂವರೆ ಪಟ್ಟು.

ಆದರೆ ನನಗೆ ನಿಮ್ಮ ಟಬ್ಬಿಗಿಂತ ಹೆಚ್ಚು ಆತಂಕ ಇರುವುದು ಗಾರೆ ಮೇಸ್ತ್ರಿಯ ಬಗ್ಗೆ. ಬಚ್ಚಲು ಎಂದ ಕೂಡಲೇ ಮೇಸ್ತ್ರಿಗಳು ಮರಳು-ಸಿಮೆಂಟಿನ ಎರಡು ಇಂಚು ಬೆಡ್ ಹಾಕಿ ಟೈಲ್ಸ್ ಕೂರಿಸಲು ಹೊರಡುತ್ತಾರೆ. ಬೆಡ್ ಮತ್ತು ಟೈಲ್ಸ್ ಸೇರಿ ಚದರ ಮೀಟರಿಗೆ ಸುಮಾರು 125 ಕೆ.ಜಿ. ಆಗುತ್ತದೆ. ನಿಮ್ಮ 6 ಅಡಿ, 8 ಅಡಿ ಬಚ್ಚಲಿಗೆ ಇದು 540 ಕೆ.ಜಿ., ನೀರು ತುಂಬಿದ ಟಬ್ಬಿಗಿಂತ ಹೆಚ್ಚು. ಟಬ್ಬಿನ ಭಾರ ಅರ್ಧ ಗಂಟೆ ಇದ್ದು ಬಹುಪಾಲು ಹರಿದುಹೋಗುತ್ತದೆ. ಬೆಡ್ ಇಪ್ಪತ್ತನಾಲ್ಕು ಗಂಟೆಯೂ ಜಂತೆಯ ಮೇಲೇ ಇರುತ್ತದೆ. ಮರಕ್ಕೆ ಸದಾ ಹೇರಿದ ಭಾರ ಬಲು ಕೆಟ್ಟದ್ದು, ವರ್ಷ ಕಳೆದಂತೆ ಜಗ್ಗು (ನಡು ಕೆಳಗೆ ಬಾಗುವುದು) ತಾನಾಗಿ ಹೆಚ್ಚುತ್ತ ಹೋಗುತ್ತದೆ. ಪೈಪ್ ಮುಚ್ಚಲೆಂದು ಇಟ್ಟಿಗೆ ಚೂರು ತುಂಬಿಸುವ ಮಾತನ್ನಂತೂ ಕೇಳಿಸಿಕೊಳ್ಳಲೇಬೇಡಿ.

ಜಂತೆಯ ಶಕ್ತಿ ಎಷ್ಟು? ಹಳೆ ತೇಗಕ್ಕೆ ಜಾಗ್ರತೆಯ ಲೆಕ್ಕದಲ್ಲಿ ಪ್ರತಿ ಚದರ ಮಿ.ಮೀ.ಗೆ 8 ನ್ಯೂಟನ್‌ವರೆಗೆ ಬಾಗುವ ಒತ್ತಡ ತಾಳುತ್ತದೆ, ಅದರ ಬಿಗಿತ (ಬಾಗದೆ ನಿಲ್ಲುವ ಗುಣ) ಅದೇ ಅಳತೆಯಲ್ಲಿ 9,000 ಎಂದು ಹಿಡಿದಿದ್ದೇನೆ. ಈಗಿನ ಸ್ಥಿತಿಯಲ್ಲಿ ಕೋಣೆಯ ಮಾಮೂಲಿ ಭಾರಕ್ಕೆ ಒತ್ತಡ 6.3 ಬರುತ್ತದೆ, ಏನೂ ತೊಂದರೆಯಿಲ್ಲ. ಜಗ್ಗು ಮಾತ್ರ 12.5 ಮಿ.ಮೀ. ಬರುತ್ತದೆ. ಮರದ ಕಟ್ಟೋಣದ ಕೋಡ್ ಐಎಸ್ 883ರ ಪ್ರಕಾರ, ಬಿರುಕು ಬಿಡುವಂಥ ವಸ್ತುಗಳನ್ನು ಹೊತ್ತ ಜಂತೆ ತನ್ನ ಉದ್ದದ 360ನೇ ಒಂದು ಭಾಗಕ್ಕಿಂತ ಹೆಚ್ಚು ಜಗ್ಗಬಾರದು. 12 ಅಡಿಗೆ ಅದು 10 ಮಿ.ಮೀ. ಅಂದರೆ ಟಬ್ ಬೇಡವೆಂದು ಕೈಬಿಟ್ಟರೂ, ಟೈಲ್ಸ್ ಹಾಕುವುದಾದರೆ ಈ ನೆಲಕ್ಕೆ ಬಲ ಕೊಡಲೇಬೇಕು. ಇನ್ನು ಬೆಡ್ ಹಾಕಿ, ಟಬ್ಬನ್ನು ಕೋಣೆಯ ನಡುವೆ ಜಂತೆಯ ಉದ್ದಕ್ಕೇ ಇಟ್ಟರೆ ಎರಡೇ ಜಂತೆಗಳು ಇಡೀ ಟಬ್ಬನ್ನು ಹೊರಬೇಕು. ಒತ್ತಡ 11ಕ್ಕೆ, ಜಗ್ಗು 22 ಮಿ.ಮೀ.ಗೆ ಏರುತ್ತದೆ. ನೆಲ ಅಂದೇ ಕುಸಿಯದಿರಬಹುದು. ಟೈಲ್ಸ್ ಸಂದು ಬಿಡುತ್ತದೆ, ಅಲ್ಲಿ ನೀರು ಇಳಿಯುತ್ತದೆ, ಮರ ಕೊಳೆಯುತ್ತದೆ. ಮರದ ಬಚ್ಚಲು ನೆಲಗಳು ಹಾಳಾಗುವ ಕ್ರಮವೇ ಇದು: ಮೊದಲು ಜಗ್ಗು, ಆಮೇಲೆ ನೀರು, ಕೊನೆಗೆ ಕುಸಿತ.

ಖರ್ಚಿಲ್ಲದ ಪರಿಹಾರ ಟಬ್ಬಿನ ಜಾಗದಲ್ಲಿದೆ. ಜಂತೆಗಳ ತುದಿ ಯಾವ ಗೋಡೆಯೊಳಗೆ ಕೂತಿದೆಯೋ ಆ ಗೋಡೆಗೆ ಒತ್ತಿಕೊಂಡು, ಜಂತೆಗಳಿಗೆ ಅಡ್ಡಲಾಗಿ ಟಬ್ ಇಡಿ. ಕಾಲುಗಳ ಕೆಳಗೆ ಗೋಡೆಗೆ ಸಮಾನಾಂತರವಾಗಿ ಎರಡು ಗಟ್ಟಿ ಮರದ ಪಟ್ಟಿ ಬರಲಿ: 100 ಮಿ.ಮೀ. ಅಗಲ, 50 ಮಿ.ಮೀ. ದಪ್ಪ, ನಾಲ್ಕು ಜಂತೆಗಳನ್ನು ದಾಟುವಷ್ಟು ಉದ್ದ. ಆಗ ಎರಡು ಜಂತೆ ಹೊರುತ್ತಿದ್ದ ಭಾರ ನಾಲ್ಕಕ್ಕೆ ಹಂಚಿಹೋಗುತ್ತದೆ, ಅದೂ ಗೋಡೆಯ ಹತ್ತಿರವೇ. ಟಬ್ಬಿನಿಂದ ಜಂತೆಗೆ ಬರುವ ಬಾಗುವ ಬಲ ಮೂರನೇ ಒಂದಕ್ಕೆ ಇಳಿಯುತ್ತದೆ. ಅದರಿಂದಾಗುವ ಜಗ್ಗು 8.5 ಮಿ.ಮೀ.ನಿಂದ 2 ಮಿ.ಮೀ. ಒಳಗೆ ಬರುತ್ತದೆ. ಚೆನ್ನಾಗಿ ಕಾಣುತ್ತದೆಂದು ಕೋಣೆಯ ನಡುವೆ ಇಡುವ ಆಸೆಯಿದ್ದರೆ ಬಿಟ್ಟುಬಿಡಿ.

ಹಾಗೆ ಮಾಡಿದರೆ ಜಂತೆಯ ತುದಿಗಳ ಮೇಲೆ ಜವಾಬ್ದಾರಿ ಹೆಚ್ಚುತ್ತದೆ. ಹಳೆ ಮನೆಯಲ್ಲಿ ಮೊದಲು ಕೆಡುವುದೂ ಆ ತುದಿಗಳೇ. ಮಳೆ ಹೊಡೆಯುವ ಗೋಡೆಯ ತೇವ ಸದಾ ಅಲ್ಲಿ ಮರಕ್ಕೆ ತಾಗುತ್ತಿರುತ್ತದೆ; ಗೆದ್ದಲೂ ಗೋಡೆಯೊಳಗಿನಿಂದಲೇ ಹತ್ತುತ್ತದೆ. ಗೋಡೆಯ ಪಕ್ಕದ ಎರಡು ಹಲಗೆ ತೆಗೆದು, ಟಾರ್ಚ್ ಬಿಟ್ಟು, ತೆಳು ಸ್ಕ್ರೂಡ್ರೈವರನ್ನು ಜಂತೆಯ ಪಕ್ಕದಲ್ಲೂ ಅಡಿಯಲ್ಲೂ ಒತ್ತಿ ನೋಡಿ. ಒಳ್ಳೆ ತೇಗದಲ್ಲಿ 2 ಮಿ.ಮೀ. ಇಳಿಯುವುದೂ ಕಷ್ಟ. ಬೆಣ್ಣೆಗೆ ಚುಚ್ಚಿದಂತೆ ಇಳಿದರೆ ಒಳಗೆ ಟೊಳ್ಳು. ಸುತ್ತಿಗೆಯಿಂದ ತಟ್ಟಿದಾಗ ಟಣ್ ಎನ್ನಬೇಕು, ದೊಬ್ ಎನ್ನಬಾರದು. ಮಣ್ಣಿನ ಗೆರೆ ಗೆದ್ದಲಿನ ಗುರುತು. ಗುಂಡುಸೂಜಿ ತಲೆಯಷ್ಟು ತೂತು, ಕೆಳಗೆ ಹಿಟ್ಟಿನಂಥ ಪುಡಿ ಇದ್ದರೆ ಮರ ಕೊರೆಯುವ ಹುಳು. ತೇವ ಅಳೆಯುವ ಮೀಟರ್ ಸಿಕ್ಕಿದರೆ 15 ಶೇಕಡಾ ಒಳಗಿದ್ದರೆ ಸಮಾಧಾನ. 20 ದಾಟಿದರೆ ಶಿಲೀಂಧ್ರ ಬೆಳೆಯಲು ಅಷ್ಟು ಸಾಕು. ಮೊದಲು ತೇವ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ನಿಲ್ಲಿಸಿ. ಪರೀಕ್ಷೆಯನ್ನು ಮಳೆಗಾಲ ಮುಗಿದ ಕೂಡಲೇ ಮಾಡಿದರೆ ಸತ್ಯ ಗೊತ್ತಾಗುತ್ತದೆ, ಕೆಲಸವನ್ನು ಜನವರಿಯಿಂದ ಮಾರ್ಚ್ ಒಳಗೆ ಮಾಡಿದರೆ ಮರ ಒಣಗಿರುತ್ತದೆ.

ಬಲ ಕೊಡುವ ಬಗೆ. ಪಕ್ಕಕ್ಕೆ ಅದೇ ಅಳತೆಯ ಇನ್ನೊಂದು ಮರ ಜೋಡಿಸುವುದು ಹಳೆ ಪದ್ಧತಿ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಯ ಕಡೆ ಹಳೆ ತೇಗ ಹುಡುಕಬಹುದು. ಆದರೆ ಅದರಿಂದ ಬಿಗಿತ ಎರಡು ಪಟ್ಟಾಗುವುದಷ್ಟೇ; ಹಸಿ ಮರ ಸಿಕ್ಕಿದರೆ ಒಣಗುತ್ತಾ ತಿರುಚಿ ಬೋಲ್ಟನ್ನೂ ಸಡಿಲಿಸುತ್ತದೆ. ನನ್ನ ಆಯ್ಕೆ 100 ಮಿ.ಮೀ. ಕಬ್ಬಿಣದ ಚಾನೆಲ್, ಅಂಗಡಿಯಲ್ಲಿ ಐಎಸ್‌ಎಂಸಿ 100 ಎಂದು ಕೇಳಿ. ಮೀಟರಿಗೆ ಒಂಬತ್ತೂವರೆ ಕೆ.ಜಿ.; 3.9 ಮೀಟರಿನ ಒಂದು ತುಂಡು 37 ಕೆ.ಜಿ. ಇಬ್ಬರು ಸುಲಭವಾಗಿ ಮಹಡಿಗೆ ಒಯ್ಯಬಹುದು. ಇಷ್ಟು ಸಣ್ಣ ಚಾನೆಲ್ಲಿನ ಬಿಗಿತವೇ ನಿಮ್ಮ ಒಂದು ಜಂತೆಯ ಎರಡು ಪಟ್ಟು. ಎರಡೂ ಸೇರಿದರೆ ಮೂರು ಪಟ್ಟು. ಮೇಲೆ ಹೇಳಿದ ಅತಿ ಕೆಟ್ಟ 22 ಮಿ.ಮೀ. ಕೂಡ ಏಳೂವರೆಗೆ ಇಳಿಯುತ್ತದೆ. ಬಚ್ಚಲಿನ ಅಡಿಯಲ್ಲಿ ಬರುವ ಐದು ಜಂತೆಗಳಿಗೂ ಒಂದೊಂದು ಬೇಕು. ಟಬ್ಬಿನ ಕೆಳಗಿನವಕ್ಕೆ ಮಾತ್ರ ಹಾಕಿದರೆ ಬಿಗಿ ಜಂತೆಗೂ ಸಡಿಲ ಜಂತೆಗೂ ನಡುವಿನ ಗೆರೆಯಲ್ಲೇ ಟೈಲ್ಸ್ ಒಡೆಯುತ್ತದೆ.

ಹಲಗೆಗಳಿಗೆ ಸೀಮೆಸುಣ್ಣದಲ್ಲಿ ನಂಬರ್ ಬರೆದು ಜೋಪಾನವಾಗಿ ಎಬ್ಬಿಸಿ. ಕೆಲಸ ಮೇಲಿನಿಂದಲೇ ನಡೆಯುತ್ತದೆ. ಕೆಳಗಿನ ಕೋಣೆಯಲ್ಲಿ ಜಂತೆಗಳಿಗೆ ಅಡ್ಡಲಾಗಿ ಒಂದು ದಪ್ಪ ತೊಲೆ ಕೊಟ್ಟು ನಾಲ್ಕಡಿಗೊಂದು ಸೆಂಟ್ರಿಂಗ್ ಜಾಕಿ ನಿಲ್ಲಿಸಿ. ಜಾಕಿಯ ಬುಡಕ್ಕೆ ಹಲಗೆ ಬೇಕು, ಇಲ್ಲದಿದ್ದರೆ ಕೆಳಗಿನ ರೆಡ್ ಆಕ್ಸೈಡ್ ನೆಲ ಸೀಳುತ್ತದೆ. ಕೈಯಲ್ಲೇ ತಿರುಗಿಸಿ ಬಿಗಿ ಮಾಡಿ, ಹೆಚ್ಚೆಂದರೆ 2–3 ಮಿ.ಮೀ. ಎತ್ತಿ. ದಶಕಗಳಿಂದ ಬಾಗಿರುವ ಜಂತೆಯನ್ನು ಒಂದೇ ದಿನ ನೆಟ್ಟಗೆ ಮಾಡಲು ಹೋದರೆ ಗೋಡೆಯ ಗಾರೆ ಬಿರಿಯುತ್ತದೆ. ಬೋಲ್ಟ್ ಹಾಕುವ ಮುನ್ನ ಹೀಗೆ ಭಾರ ಇಳಿಸಿದರೆ, ಜಾಕಿ ತೆಗೆದಾಗ ಚಾನೆಲ್ ಮೊದಲ ದಿನದಿಂದಲೇ ಪಾಲು ಹೊರುತ್ತದೆ.

ಚಾನೆಲ್ಲಿನ ಎರಡೂ ತುದಿ ಗೋಡೆಯ ಮೇಲೆ ಕೂರಬೇಕು, ಇದರಲ್ಲಿ ರಾಜಿಯಿಲ್ಲ. ಗೋಡೆಗೆ ಮುಂಚೆಯೇ ಚಾನೆಲ್ ಕತ್ತರಿಸಿ ಜಂತೆಗೆ ಬೋಲ್ಟ್ ಮಾಡಿ ನಿಲ್ಲಿಸುವವರಿದ್ದಾರೆ; ಆಗ ಜಂತೆಯ ನಡು ಗಟ್ಟಿಯಾಗುತ್ತದೆ, ತುದಿಯಲ್ಲಿ ಹಳೆಯ ಮರವೊಂದೇ ಎಲ್ಲ ಭಾರವನ್ನೂ ಗೋಡೆಗೆ ಇಳಿಸಬೇಕು. ಸುಣ್ಣದ ಗಾರೆಯ ಗೋಡೆಗೆ ಆ್ಯಂಕರ್ ಬೋಲ್ಟ್ ಹೊಡೆದು ಆ್ಯಂಗಲ್ ತೂಗುಹಾಕುವುದೂ ಬೇಡ, ಕಿತ್ತುಬರುತ್ತದೆ. ಜಂತೆಯ ಪಕ್ಕದಲ್ಲೇ ಗೋಡೆಯಲ್ಲಿ ಗೂಡು ತೆಗೆಯಿರಿ: ಒಂದು ಕಡೆ 120 ಮಿ.ಮೀ. ಆಳ, ಎದುರು ಕಡೆ 250 ಮಿ.ಮೀ. ಚಾನೆಲ್ಲನ್ನು ಮೊದಲು ಆಳದ ಗೂಡಿಗೆ ಪೂರ್ತಿ ನುಗ್ಗಿಸಿ, ಕೆಳಗಿಳಿಸಿ, ಈ ಕಡೆಯ ಗೂಡಿಗೆ ಹಿಂದಕ್ಕೆ ಎಳೆದರೆ ಎರಡೂ ಕಡೆ 120 ಮಿ.ಮೀ. ಕೂರುತ್ತದೆ. ಇದಕ್ಕೆ ಗೋಡೆ 14 ಇಂಚಾದರೂ ದಪ್ಪವಿರಬೇಕು. ಡ್ರಿಲ್ ಮೆಷಿನ್ನಿನ ಬಡಿತ ಬೇಡ, ಉಳಿ-ಸುತ್ತಿಗೆಯಲ್ಲಿ ಒಂದು ಬಿಟ್ಟು ಒಂದು ಜಂತೆಯಂತೆ ಗೂಡು ತೆಗೆಯಿಸಿ. ಗೂಡಿನ ತಳಕ್ಕೆ 300 ಮಿ.ಮೀ. ಉದ್ದ, 100 ಮಿ.ಮೀ. ದಪ್ಪದ ಕಾಂಕ್ರೀಟ್ ಬೆಡ್ ಬ್ಲಾಕ್ ಎರೆದು ಏಳು ದಿನ ಕ್ಯೂರಿಂಗ್ ಬಿಡಿ. ಅದರ ಮೇಲೆ ಚಾನೆಲ್ ಕೂರಿಸಿ, ಸಂದಿಗೆ ಕುಗ್ಗದ ಗ್ರೌಟ್ ತುಂಬಿ. ಮರದ ತುದಿಯ ಸುತ್ತ ಮಾತ್ರ ಸಿಮೆಂಟ್ ಮೆತ್ತಿಸಬೇಡಿ. 10 ಮಿ.ಮೀ. ಗಾಳಿ ಆಡುವ ಜಾಗ ಇರಲಿ. ಗೋಡೆಯ ಉಳಿದ ಗಾಯಕ್ಕೆ ಸುಣ್ಣದ ಗಾರೆಯೇ ಸರಿ. ಸಿಮೆಂಟ್ ತೇವವನ್ನು ಮರಕ್ಕೆ ಕಟ್ಟಿಹಾಕುತ್ತದೆ.

ಬೋಲ್ಟ್‌ಗಳು 12 ಮಿ.ಮೀ. ದಪ್ಪ, 110 ಮಿ.ಮೀ. ಉದ್ದ, ಗ್ಯಾಲ್ವನೈಸ್ ಆದವು. ಮರದ ಕಡೆಗೆ 50 ಮಿ.ಮೀ. ಅಗಲದ ದಪ್ಪ ವಾಷರ್. ಬರಿ ಕಬ್ಬಿಣದ ಬೋಲ್ಟ್ ತೇವದ ಮರದಲ್ಲಿ ತುಕ್ಕು ಹಿಡಿದು ಸುತ್ತಲಿನ ಮರವನ್ನೂ ತಿನ್ನುತ್ತದೆ. 400 ಮಿ.ಮೀ.ಗೊಂದರಂತೆ, ಜಂತೆಯ ಎತ್ತರದ ನಡುಗೆರೆಯಿಂದ ಒಮ್ಮೆ 20 ಮಿ.ಮೀ. ಮೇಲೆ, ಒಮ್ಮೆ 20 ಮಿ.ಮೀ. ಕೆಳಗೆ ಅಂಕುಡೊಂಕಾಗಿ ಬರಲಿ. ನಡುಗೆರೆಯ ಹತ್ತಿರ ಬಾಗುವ ಒತ್ತಡ ಕಡಿಮೆ, ಅಲ್ಲಿ ತೂತು ಬಿದ್ದರೆ ಜಂತೆಗೆ ನಷ್ಟವಿಲ್ಲ. ಜಂತೆಗೆ ಹತ್ತು, ಒಟ್ಟು ಐವತ್ತು ಬೋಲ್ಟ್. ಚಾನೆಲ್ಲಿಗೆ ತೂತುಗಳನ್ನು ಕೆಳಗೇ ಕೊರೆಸಿ, ಎರಡು ಕೋಟು ಪ್ರೈಮರ್ ಹೊಡೆಸಿ ಮೇಲೆ ತನ್ನಿ. ಸ್ಥಳದಲ್ಲಿ ವೆಲ್ಡಿಂಗ್ ಖಂಡಿತ ಬೇಡ: ಒಣಗಿದ ಹಳೆ ತೇಗ, ಸಂದಿಯಲ್ಲಿ ವರ್ಷಗಳ ಧೂಳು, ಒಂದು ಕಿಡಿ ಸಾಕು. ಒಂದು ತಿಂಗಳ ನಂತರ ಬೋಲ್ಟ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡಬೇಕಾಗುತ್ತದೆ, ಆದ್ದರಿಂದ ನೆಲ ಮುಚ್ಚಲು ಅವಸರ ಮಾಡಬೇಡಿ.

ಯಾವುದಾದರೂ ಜಂತೆಯ ತುದಿ ಗೋಡೆಯೊಳಗೆ ಕೊಳೆತಿದ್ದರೆ ಆ ಜಂತೆಗೆ ಎರಡೂ ಪಕ್ಕದಲ್ಲಿ ಚಾನೆಲ್ ಬರಲಿ, ಕೊಳೆತ ಭಾಗವನ್ನು ಕೊಯ್ದು ತೆಗೆಯಿರಿ. ಐದರಲ್ಲಿ ಮೂರು ಹಾಗಿದ್ದರೆ ಬೇರೆ ಲೆಕ್ಕ. ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡುವವರೆಗೆ ಮುಂದುವರಿಯಬೇಡಿ. ಉಳಿದಂತೆಯೂ ಗೋಡೆಗೆ ಉಳಿ ಮುಟ್ಟಿಸುವ ಮೊದಲು ಅವರು ಒಮ್ಮೆ ಸ್ಥಳ ನೋಡಿ ಈ ಅಳತೆಗಳನ್ನು ಒಪ್ಪಬೇಕು. ಜಂತೆಗಳ ನಡುವೆ ಉದ್ದದ ಮೂರನೇ ಒಂದು ಭಾಗಗಳಲ್ಲಿ ಅಡ್ಡ ಮರದ ತುಂಡುಗಳನ್ನು ಬಿಗಿಯಾಗಿ ಹೊಡೆಯಿಸಿ. ನಡೆದಾಗ ನೆಲ ಅದುರುವುದು ಇದರಿಂದ ನಿಲ್ಲುತ್ತದೆ. ಮುಚ್ಚುವ ಮುನ್ನ ಎಲ್ಲ ಮರಕ್ಕೆ ಬೋರಾಕ್ಸ್-ಬೋರಿಕ್ ಆಸಿಡ್ ದ್ರಾವಣ ಎರಡು ಸಲ ಬಳಿಯಿಸಿ.

ಪ್ಲಂಬರ್ ಕೆಲಸ ಮಾಡುವಾಗ ನೀವೇ ಎದುರು ನಿಂತಿರಿ. ಡ್ರೈನ್ ಪೈಪಿಗೆ ದಾರಿ ಮಾಡಲು ಜಂತೆಯ ಮೇಲಂಚನ್ನು ಎರಡು ಇಂಚು ಕಚ್ಚು ಹೊಡೆದುಬಿಟ್ಟರೆ 6 ಇಂಚಿನ ಜಂತೆ 4 ಇಂಚಿನದಾಯಿತು. ಬಲ ಎತ್ತರದ ವರ್ಗದಂತೆ ಕುಗ್ಗುವುದರಿಂದ ಅಲ್ಲಿ ಉಳಿಯುವುದು ಅರ್ಧಕ್ಕಿಂತ ಕಡಿಮೆ. ಪೈಪ್ ಜಂತೆಗಳ ನಡುವಿನ ಖಾಲಿ ಜಾಗದಲ್ಲಿ, ಜಂತೆಯ ಉದ್ದಕ್ಕೇ ಓಡಿ ಹೊರಗೋಡೆ ಸೇರಲಿ. ಮೀಟರಿಗೆ 25 ಮಿ.ಮೀ. ಇಳಿಜಾರು ಇರಲಿ. ನಿಮ್ಮ ಟಬ್ಬಿಗೆ ಕಾಲುಗಳಿವೆ, ಅದೊಂದು ಅನುಕೂಲ: ಟ್ರ್ಯಾಪ್ (ದುರ್ವಾಸನೆ ತಡೆಯುವ ಬಾಗಿದ ಪೈಪ್) ನೆಲದ ಮೇಲೇ ಕೂರಿಸಬಹುದು. ಓವರ್‌ಫ್ಲೋ ಪೈಪ್ ಜೋಡಿಸಿದ್ದಾರೆಯೇ ನೋಡಿ. ಹಳೆ ಟಬ್ಬಿನಲ್ಲಿ ಅದನ್ನು ಮುಚ್ಚಿಬಿಟ್ಟಿದ್ದರೆ ಮೇಲೆ ಮಾಡಿದ ಭಾರದ ಲೆಕ್ಕವೇ ತಪ್ಪುತ್ತದೆ.

ನೆಲದ ಪದರಗಳು ಹಗುರವಾಗಿರಲಿ. ಜಂತೆಯ ಮೇಲೆ ಓರೆ ಕೊಯ್ದ ಮರದ ಪಟ್ಟಿ ಹೊಡೆದು ಡ್ರೈನಿನ ಕಡೆಗೆ ಮೀಟರಿಗೆ 10 ಮಿ.ಮೀ. ಇಳಿಜಾರು ತಂದರೆ ಸಿಮೆಂಟ್ ಬೆಡ್ ಬೇಕೇ ಆಗುವುದಿಲ್ಲ. ಅದರ ಮೇಲೆ ಐಎಸ್ 710 ಗುರುತಿನ 19 ಮಿ.ಮೀ. ಮರೀನ್ ಪ್ಲೈ; ಹಾಳೆಗಳ ನಡುವೆ 3 ಮಿ.ಮೀ. ಸಂದು, ಅಂಚಿನಲ್ಲಿ 150 ಮಿ.ಮೀ.ಗೊಂದು ಸ್ಕ್ರೂ. ಮೊಳೆ ಬೇಡ, ಕಿರುಗುಟ್ಟುತ್ತದೆ. ಮೇಲೆ 8 ಮಿ.ಮೀ. ಸಿಮೆಂಟ್ ಬೋರ್ಡ್, ಎರಡು ಕೋಟು ವಾಟರ್‌ಪ್ರೂಫಿಂಗ್, ಮೂಲೆಗಳಲ್ಲಿ ಟೇಪ್ ಇಟ್ಟು ಗೋಡೆಗೆ 150 ಮಿ.ಮೀ. ಹತ್ತಿಸಿ. ಟೈಲ್ಸ್‌ಗೆ ಬಾಗುವಿಕೆಯನ್ನು ತಾಳಿಕೊಳ್ಳುವ ಪಾಲಿಮರ್ ಅಂಟು ಬಳಸಿ, ಮಾಮೂಲಿ ಸಿಮೆಂಟ್ ಹಾಲು ಮರದ ಮೇಲೆ ನಿಲ್ಲುವುದಿಲ್ಲ. ಪ್ಲೈ ಬಿಟ್ಟು ಇವೆಲ್ಲ ಸೇರಿ ಚದರ ಮೀಟರಿಗೆ ಸುಮಾರು 35 ಕೆ.ಜಿ., ಬೆಡ್ಡಿನ 125ರ ಮೂರನೇ ಒಂದು ಭಾಗವೂ ಇಲ್ಲ. ಕಾಲಿನ ಪಟ್ಟಿಗಳು ಪ್ಲೈ ಅಡಿಯಲ್ಲಿ ಜಂತೆಗಳ ನಡುವೆ ಕೂರುವಂತಿಲ್ಲ, ಟೈಲ್ಸ್ ಮೇಲೆ ಪಾಲಿಶ್ ಮಾಡಿದ ತೇಗದಲ್ಲಿ ಕಾಣುವಂತೆ ಇಡಿ; ಪ್ರತಿ ಕಾಲಿನ ಕೆಳಗೆ 100 ಮಿ.ಮೀ. ಚೌಕದ ಸ್ಟೇನ್‌ಲೆಸ್ ತಗಡು, ಅದರಡಿ ರಬ್ಬರ್.

ಟೈಲ್ಸ್ ಹಾಕುವ ಮೊದಲು ಭಾರ ಹೇರಿ ಪರೀಕ್ಷೆ ಮಾಡಿ. 20 ಲೀಟರ್ ಕುಡಿಯುವ ನೀರಿನ ಕ್ಯಾನ್ ಇಪ್ಪತ್ತು ತರಿಸಿದರೆ 400 ಕೆ.ಜಿ. ಆಯಿತು. ಕೆಳಗಿನ ಕೋಣೆಯಲ್ಲಿ ಒಂದು ನೇರ ರೀಪನ್ನು ನೆಲದಿಂದ ನಿಲ್ಲಿಸಿ, ಅದರ ತಲೆಗೂ ಜಂತೆಗೂ ನಡುವೆ ಬೆರಳಷ್ಟು ಸಂದು ಬಿಟ್ಟು ವರ್ನಿಯರ್‌ನಲ್ಲಿ ಅಳೆದು ಬರೆದುಕೊಳ್ಳಿ. ಮೇಲೆ ಜಂತೆಗಳ ನಡುಭಾಗದಲ್ಲಿ, ಟಬ್ಬಿನಷ್ಟೇ ಜಾಗವನ್ನು ಗುರುತು ಮಾಡಿ ಮೊದಲು ಹತ್ತು ಕ್ಯಾನ್ ಇಡಿ, ಅಳೆಯಿರಿ. ಹಲಗೆ ಹಾಸಿ ಅದರ ಮೇಲೆ ಇನ್ನು ಹತ್ತು. ಟಬ್ ಬರುವ ಜಾಗ ಗೋಡೆಯ ಪಕ್ಕ, ಆದರೆ ಪರೀಕ್ಷೆ ಕಠಿಣವಾಗಿರಲಿ ಎಂದು ನಡುವೆ ಇಡಲು ಹೇಳುತ್ತಿದ್ದೇನೆ. ಪೂರ್ತಿ ಭಾರಕ್ಕೆ ಜಗ್ಗು 3 ಮಿ.ಮೀ. ಆಸುಪಾಸು ಬಂದರೆ ಚಾನೆಲ್ ತನ್ನ ಪಾಲು ಹೊರುತ್ತಿದೆ. 5 ದಾಟಿದರೆ ಗೂಡಿನಲ್ಲಿ ಗ್ರೌಟ್ ಟೊಳ್ಳು ಉಳಿದಿದೆ ಅಥವಾ ಬೋಲ್ಟ್ ಸಡಿಲವಿದೆ, ತೆಗೆದು ನೋಡಬೇಕು. ಒಂದು ರಾತ್ರಿ ಹಾಗೇ ಬಿಟ್ಟು ಬೆಳಗ್ಗೆ ಕ್ಯಾನ್ ಇಳಿಸಿದ ಮೇಲೆ ಸಂದು ಮೊದಲಿನ ಅಳತೆಗೆ ಮರಳಬೇಕು. ವಾಟರ್‌ಪ್ರೂಫಿಂಗ್‌ಗೆ ಬೇರೆ ಪರೀಕ್ಷೆ: 25 ಮಿ.ಮೀ. ನೀರು ಕಟ್ಟಿ 24 ಗಂಟೆ. ಅದಕ್ಕಿಂತ ಹೆಚ್ಚು ನಿಲ್ಲಿಸಬೇಡಿ, ಪ್ರತಿ ಮಿ.ಮೀ. ನೀರೂ ಚದರ ಮೀಟರಿಗೆ ಒಂದು ಕೆ.ಜಿ.

ಕೆಳಗಿನ ಕೋಣೆಗೆ ಫಾಲ್ಸ್ ಸೀಲಿಂಗ್ ಹಾಕಿಸುವುದಾದರೆ, ಟ್ರ್ಯಾಪಿನ ನೇರಕ್ಕೆ ಅದರಲ್ಲಿ ಒಂದಡಿ ಚೌಕದ, ತೆರೆಯಬಹುದಾದ ಬಾಗಿಲು ಇಡಿಸಿ. ವರ್ಷಕ್ಕೊಮ್ಮೆ ತೆಗೆದು ಕೈಯಾಡಿಸಿ ನೋಡಿದರೆ ಸೋರಿಕೆ ಜಂತೆಗೆ ತಾಗುವ ಮೊದಲೇ ಸಿಕ್ಕಿಬೀಳುತ್ತದೆ.

ಗೀಸರ್ ಸಾಲದು. 25 ಲೀಟರ್ ನೀರು 60 ಡಿಗ್ರಿಗೆ ಕಾದರೆ, 25 ಡಿಗ್ರಿಯ ತಣ್ಣೀರು ಬೆರೆಸಿ 40 ಡಿಗ್ರಿಯ ಸ್ನಾನದ ನೀರು ಸುಮಾರು 58 ಲೀಟರ್ ಆಗುತ್ತದೆ. ಒಬ್ಬರು ಕೂತಾಗ ತುಂಬಿದಂತಿರಲು 160 ಲೀಟರ್ ಬೇಕು, ಅಂದರೆ 60 ಡಿಗ್ರಿಯ ಬಿಸಿನೀರು 70 ಲೀಟರ್. 100 ಲೀಟರಿನ ಸೋಲಾರ್ ಇದ್ದರೆ ಆರಾಮ. ದೊಡ್ಡ ಗೀಸರ್ ಹಾಕುವುದಾದರೆ ಅದನ್ನು ಒಳಗಿನ ಹಲಗೆ ಪಾರ್ಟಿಷನ್ನಿಗೆ ತೂಗುಹಾಕಬೇಡಿ. 100 ಲೀಟರಿನದು ನೀರು ಸೇರಿ 130 ಕೆ.ಜಿ. ದಾಟಬಹುದು, ಅದರ ಜಾಗ ಇಟ್ಟಿಗೆಯ ಹೊರಗೋಡೆ, ಅಲ್ಲೂ ಗೋಡೆಯ ಆಚೆ ಬದಿಗೆ ತಗಡು ಕೊಟ್ಟು ಗೋಡೆ ತೂರಿ ಬರುವ ಬೋಲ್ಟ್ ಹಾಕಿಸಿ.